ಪೋಲ್ಟ್ರೂನ್ ಭೀಮಣ್ಣನ ಅಕ್ಕ

ತಾಳಗುಂದದಾಚೆಯ ಒಂದು ಊರಿನಲ್ಲಿ, ಮೆಕ್ಕೆಜೋಳ ಕೊಯ್ದು ಖಾಲಿಯಾಗಿದ್ದ ಹೊಲದಲ್ಲಿ, ಹೋರಿ ಬೆದರಿಸುವ ಹಬ್ಬಕ್ಕೆ ವೇದಿಕೆ ಹಾಕಿದ್ದರು. ಮುಖ್ಯ ಅತಿಥಿಯ ಕುರ್ಚಿಯಲ್ಲಿ ಯಮುನಮ್ಮ ಟೀಚರ್ ಕೂತಿದ್ದರು. ಶಾಲು ಹೊದಿಸಿಯಾಗಿತ್ತು, ಹಾರ ಹಾಕಿಯಾಗಿತ್ತು, ಬಾಯಿಗೊಂದು ಪೇಡ ಕೊಟ್ಟೂ ಆಗಿತ್ತು. ಆ ಪೇಡ ಇನ್ನೂ ಗಂಟಲು ಇಳಿದಿರಲಿಲ್ಲ, ಅಷ್ಟರಲ್ಲಿ ಮೈಕ್ ಹಿಡಿದ ಮಹಾಂತೇಶ್ ಜನರಿಗೆ ಒಂದು ಹೊಸ ಸುದ್ದಿ ಹೇಳಿದ.

“ಈ ಸಲ ನಮ್ಮ ಕಮಿಟಿಯಿಂದ ಒಂದು ಹೊಸ ಐಟಂ ಐತ್ರೀ! ಇಂಗ್ಲಿಷ್ ಹೆಸರಿನ ಹೋರಿ ಅಖಾಡಕ್ಕೆ ಬಿಡೋಕಿಂತ ಮುಂಚೆ ಆ ಹೆಸರಿನ ಅರ್ಥ ಏನು ಅಂತ, ಹೆಸರಿಟ್ಟ ಮೇಡಮ್ಮಾರೇ ನಿಮಗೆ ಹೇಳ್ತಾರೆ. ಯೂಟ್ಯೂಬ್ ಲೈವ್ ಐತೆ, ಎಲ್ಲಾರೂ ಕಿವಿಗೊಟ್ಟು ಕೇಳ್ರಿ!”

ಜನ ಶಿಳ್ಳೆ ಹೊಡೆದರು. ಟೀಚರ್ ಪೇಡವನ್ನು ಹೇಗೋ ನುಂಗಿ, ಬಿದಿರಿನ ಬೇಲಿಯಾಚೆ ಸಾಲಾಗಿ ನಿಂತಿದ್ದ ಹೋರಿಗಳ ಕಡೆ ನೋಡಿದರು. ಸಾಲಿನ ಕೊನೆಗೆ ಅವರ ತಮ್ಮ ಭೀಮಣ್ಣ, ಹಬ್ಬಕ್ಕೆಂದೇ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು, ತನ್ನ ಹೋರಿಯ ಹಗ್ಗ ಹಿಡಿದು ನಿಂತಿದ್ದ. ಆ ಹೋರಿಯ ಹೆಸರು ಪೋಲ್ಟ್ರೂನ್. ಪೋಲ್ಟ್ರೂನ್ ಅಂದರೆ ಪುಕ್ಕಲ. ಸುಮ್ಮನೆ ಪುಕ್ಕಲನೂ ಅಲ್ಲ, ಹುಟ್ಟು ಪುಕ್ಕಲ, ಎದೆಯಲ್ಲಿ ಗುಲಗಂಜಿಯಷ್ಟೂ ಧೈರ್ಯವಿಲ್ಲದವನು. ಸೇರಿದ್ದ ಸಾವಿರಾರು ಜನರಲ್ಲಿ ಈ ಸಂಗತಿ ಗೊತ್ತಿರುವುದು ತನಗೊಬ್ಬಳಿಗೇ ಎಂದು ಟೀಚರ್ ಅಂದುಕೊಂಡರು.

ಯಮುನಮ್ಮನವರ ತವರು ಸೊರಬದ ಕಡೆಯ ಹೊಸಬಾಳೆ. ಓದಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದು, ಮದುವೆಯಾಗಿ ಶಿಕಾರಿಪುರದಲ್ಲಿ ನೆಲೆಯೂರಿ ಮೂವತ್ತು ವರ್ಷದ ಹತ್ತಿರ ಬಂತು. ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಧಾರಾವಾಹಿಯ ಚಟ. ಟೀಚರಿಗೆ ಪದಗಳ ಚಟ. ಬಿ.ಎ. ಓದುವಾಗ ರದ್ದಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಡಿಕ್ಷನರಿ ಸಿಕ್ಕಿತ್ತು. ಎಲ್ಲರೂ ಡಿಕ್ಷನರಿಯಲ್ಲಿ ಬೇಕಾದ ಪದ ಹುಡುಕಿದರೆ ಈಕೆ ಯಾರಿಗೂ ಬೇಡವಾದ ಪದ ಹುಡುಕುತ್ತಿದ್ದರು. ಇಂಗ್ಲಿಷಿನವರೇ ಮರೆತು ಅಟ್ಟಕ್ಕೆ ಹಾಕಿದ ಪದವೊಂದು ಸಿಕ್ಕಿದರೆ, ಹಳೇ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವಂತೆ ತಿಕ್ಕಿ, ಮನೆಯಲ್ಲಿ ದಿನಬಳಕೆಗೆ ಇಟ್ಟುಕೊಳ್ಳುತ್ತಿದ್ದರು.

ಊಟಕ್ಕೆ ಕೂತಾಗ ಎದುರು ಬಂದು ತಟ್ಟೆಯನ್ನೇ ದಿಟ್ಟಿಸುವ ಬೆಕ್ಕಿಗೆ “ಗ್ರೋಕ್ ಮಾಡಬೇಡ, ಆಚೆ ನಡಿ” ಎಂದು ಗದರುತ್ತಿದ್ದರು. ಉಣ್ಣುವವರು ಕರೆದಾರು ಎಂಬ ಆಸೆಯಿಂದ ಮಾತಿಲ್ಲದೆ ನೋಡುತ್ತ ನಿಲ್ಲುವುದಕ್ಕೆ ಅಲ್ಲಿಯವರು ಹಾಗೊಂದು ಪದ ಮಾಡಿಟ್ಟಿದ್ದಾರೆ. ಬಿಸಿಯೂಟದ ಗಂಟೆಗೆ ಮುಂಚಿನ ಪೀರಿಯಡ್ಡಿನಲ್ಲಿ ಯಾರದೋ ಹೊಟ್ಟೆ ಗುರ್ ಎಂದರೆ “ಯಾರದಪ್ಪಾ ಬಾರ್ಬರಿಗ್ಮಸ್?” ಎನ್ನುತ್ತಿದ್ದರು. ಹೊಟ್ಟೆ ಗುಡುಗುವುದಕ್ಕೂ ಇಷ್ಟು ದೊಡ್ಡ ಹೆಸರಿದೆಯೇ ಎಂದು ಮಕ್ಕಳು ನಕ್ಕು ನಕ್ಕು ಹಸಿವು ಮರೆಯುತ್ತಿದ್ದರು. ಮಂಡಿಯಲ್ಲಿ ಜೋಳದ ವ್ಯಾಪಾರ ಮಾಡುವ ಗಂಡನಿಗೆ ಒಂದು ದಿನ ಪ್ರೀತಿಯಿಂದ “ನೀವು ಅಕ್ಸೋರಿಯಸ್ ಕಣ್ರೀ” ಎಂದುಬಿಟ್ಟರು. ಹೆಂಡತಿ ಅಂದರೆ ಪ್ರಾಣ ಬಿಡುವವನು ಎಂದು ಅರ್ಥ. ಅದು ಯಾವುದೋ ಕಾಯಿಲೆ ಎಂದುಕೊಂಡ ಆ ಮನುಷ್ಯ ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿಬಂದರು.

ಚಟ ಏನೇ ಇರಲಿ, ಟೀಚರಿಗೆ ಒಂದು ಹಟವಿತ್ತು. ಅರ್ಥ ಕೇಳಿದವರಿಗೆ ಸುಳ್ಳು ಹೇಳಬಾರದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಅಷ್ಟೇ. ತಪ್ಪು ಅರ್ಥ ಹೇಳುವುದು ತೂಕದ ಕಲ್ಲು ಕೊರೆದ ಹಾಗೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದಾಜಿನ ಮೇಲೆ ಅರ್ಥ ಹೇಳಿದರೆ ಮುಖ ನೋಡದೆ ತಿದ್ದುತ್ತಿದ್ದರು, ಅದಕ್ಕೆ ಹಲವರಿಗೆ ಅವರ ಮೇಲೆ ಸಿಟ್ಟೂ ಇತ್ತು.

ಅಂಥವರು ಒಂದು ಅರ್ಥವನ್ನು ಮಾತ್ರ ವರ್ಷಗಟ್ಟಲೆ ಬಾಯಿಬಿಡದೆ ಇಟ್ಟುಕೊಂಡಿದ್ದರು. ಅದು ತಮ್ಮನ ಸಲುವಾಗಿ.

ಭೀಮಣ್ಣನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ ಹೊಸಬಾಳೆಯಲ್ಲಿ ಹೋರಿ ಬಿಟ್ಟಿದ್ದರು. ಓರಗೆಯವರೆಲ್ಲ ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರ ಕೀಳಲು ಮುನ್ನುಗ್ಗಿದರೆ, ಭೀಮಣ್ಣ ತನ್ನ ಕಡೆಗೇ ಬರುತ್ತಿದ್ದ ಹೋರಿಯನ್ನು ಕಂಡು ಹುಲ್ಲಿನ ಬಣವೆಯೊಳಗೆ ತೂರಿಕೊಂಡ. ಹೋರಿಗಳೆಲ್ಲ ಮನೆ ಸೇರಿದರೂ ಈಚೆ ಬರಲಿಲ್ಲ. ಕೊನೆಗೆ ಗುಡ್ಡಪ್ಪ ಎನ್ನುವ ಊರಿನ ವಾಚಾಳಿ ಅವನ ಕಾಲು ಹಿಡಿದು ಎಳೆದು, ಎಲ್ಲರ ಮುಂದೆ ನಿಲ್ಲಿಸಿ, “ಹೆಸರು ನೋಡಿದ್ರೆ ಭೀಮ, ಒಳಗೆ ನೋಡಿದ್ರೆ ಪುಕ್ಕಲ” ಎಂದ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಗೊತ್ತಿದ್ದ ಊರಿಗೆ ಇಷ್ಟು ಸಾಕಾಯಿತು. ಅವತ್ತಿನಿಂದ ಅವನು ಪುಕ್ಕಲ ಭೀಮ. ಮನೆ ಗುರುತು ಕೇಳಿದವರಿಗೆ “ಪುಕ್ಕಲ ಭೀಮನ ಮನೆಯಾ? ಆ ಮೂಲೆ ತಿರುಗಿ” ಎನ್ನುತ್ತಿದ್ದರು. ಹೆಣ್ಣು ನೋಡಲು ಹೋದ ಕಡೆಗೂ ಆ ಹೆಸರು ಮೊದಲೇ ಹೋಗಿ ಕೂತಿರುತ್ತಿತ್ತು. ಮದುವೆಯಾಗಿ ಮಗಳು ಹುಟ್ಟಿ ತಲೆ ಅರ್ಧ ಬೆಳ್ಳಗಾದರೂ ಹೆಸರಿಗೆ ವಯಸ್ಸಾಗಲಿಲ್ಲ. ಭೀಮಣ್ಣ ಚಾ ಅಂಗಡಿಗೆ ಹೋಗುವುದು ಬಿಟ್ಟ, ಪಂಚಾಯ್ತಿ ಸಭೆ ಬಿಟ್ಟ, ಗದ್ದೆಗೆ ಹೋಗುವಾಗಲೂ ಊರೊಳಗಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ. ಆ ಮನೆಯಲ್ಲಿ ಪುಕ್ಕಲ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಒಂದು ದೀಪಾವಳಿಗೆ ಟೀಚರ್ ತವರಿಗೆ ಹೋಗಿದ್ದರು. ಭೀಮಣ್ಣನ ಹಸು ಹಾಕಿದ್ದ ಒಂದು ಹೋರಿಗರು ಕೊಟ್ಟಿಗೆಯಲ್ಲಿತ್ತು. ಪ್ಲಾಸ್ಟಿಕ್ ಚೀಲ ಹಾರಿದರೆ ಅದಕ್ಕೆ ಭಯ, ಕುಕ್ಕರ್ ಕೂಗಿದರೆ ಭಯ. ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದ್ದೇ ತಡ, ಕಣ್ಣಿ ಕಿತ್ತುಕೊಂಡು ಅಡುಗೆಮನೆಗೇ ನುಗ್ಗಿ, ಹಿಟ್ಟಿನ ಡಬ್ಬದ ಹಿಂದೆ ತಲೆ ಹುದುಗಿಸಿ, ತನ್ನ ದೊಡ್ಡ ಮೈಯೆಲ್ಲ ಹೊರಗೆ ಬಿಟ್ಟು ನಡುಗುತ್ತ ನಿಂತಿತು. ಟೀಚರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ನನ್ನ ಪೋಲ್ಟ್ರೂನೇ!” ಎಂದು ಅದರ ಬೆನ್ನು ಸವರಿದರು.

“ಎಂತದಕ್ಕಾ ಅದು? ಪೋಲ್ಟ್ರೂನ್ ಅಂದ್ರೆ ಎಂತ?” ಎಂದು ಭೀಮಣ್ಣ ಕೇಳಿದ.

ಟೀಚರ್ ತಮ್ಮನ ಮುಖ ನೋಡಿದರು. ಆ ಮನೆಯಲ್ಲಿ, ಆ ಮುಖದೆದುರು, ಆ ಮಾತಿನ ಕನ್ನಡ ನಾಲಿಗೆಗೆ ಬರಲಿಲ್ಲ. “ಎಂತ ಇಲ್ಲ ಮಾರಾಯಾ, ಮುದ್ದಿಗೆ ಕರೆದೆ” ಎಂದರು. ಮುದ್ದಿಗೆ ಕರೆದದ್ದು ನಿಜವೇ ಆದ್ದರಿಂದ ಅದು ಸುಳ್ಳೆಂದು ಅವರಿಗೆ ಅನಿಸಲಿಲ್ಲ. ಮನೆಯವರಿಗೆಲ್ಲ ಹೆಸರು ಬಾಯಿಗೆ ಹತ್ತಿತು.

ಆ ಕರು ಬೆಳೆದು ಹೋರಿಯಾಯಿತು. ಬೆಳೆದದ್ದು ಮೈ ಮಾತ್ರ, ಹೆದರಿಕೆ ಇದ್ದಷ್ಟೇ ಇತ್ತು. ಯಾರದೋ ಬಲವಂತಕ್ಕೆ ಭೀಮಣ್ಣ ಅದನ್ನು ಸೊರಬದ ಹತ್ತಿರದ ಒಂದು ಹಬ್ಬಕ್ಕೆ ಹೊಡೆದುಕೊಂಡು ಹೋದ. ಹೆಸರು ಬರೆಸಿ ಎಂದರು, ಇದ್ದ ಹೆಸರು ಬರೆಸಿದ. ತಮಟೆಯ ಸದ್ದಿಗೆ, ಜನರ ಕೂಗಿಗೆ ಆ ಹೋರಿ ಎಂಥ ಓಟ ಓಡಿತೆಂದರೆ ಹಿಡಿಯುವವರ ಕೈಗೆ ಅದರ ಬಾಲದ ಕೂದಲೂ ಸಿಗಲಿಲ್ಲ. ಮುಂದಿನ ಹಬ್ಬದಲ್ಲೂ ಅಷ್ಟೇ, ಅದರ ಮುಂದಿನದರಲ್ಲೂ ಅಷ್ಟೇ. ಹಾರ ಕೀಳಲು ಬಿಡದೆ ಓಡಿದ ಹೋರಿಯೇ ಗೆದ್ದಂತೆ; ಜನ ಅದನ್ನು ಶೌರ್ಯ ಎಂದರು. ಪೋಲ್ಟ್ರೂನ್ ಎಂಬ ಹೆಸರು ಆಟೋಗಳ ಹಿಂದೆ ಬಂತು, ಹುಡುಗರ ಟೀ ಶರ್ಟಿನ ಮೇಲೆ ಬಂತು, ಮೊಬೈಲಿನ ಸ್ಟೇಟಸ್ಸಿಗೆ ಬಂತು. ಅರ್ಥ ಏನೆಂದು ಯಾರೂ ಹುಡುಕಲಿಲ್ಲ; ಗೆದ್ದ ಹೋರಿಯ ಹೆಸರಿಗೆ ಅರ್ಥ ಯಾತಕ್ಕೆ? ಎಲ್ಲಕ್ಕಿಂತ ಹೆಚ್ಚಾಗಿ, ಊರು ಪುಕ್ಕಲ ಭೀಮ ಎನ್ನುವುದನ್ನು ಬಿಟ್ಟು “ಪೋಲ್ಟ್ರೂನ್ ಭೀಮಣ್ಣ” ಎನ್ನತೊಡಗಿತು. ಭೀಮಣ್ಣ ಮತ್ತೆ ಚಾ ಅಂಗಡಿಯಲ್ಲಿ ಕೂರತೊಡಗಿದ, ಊರೊಳಗಿನ ದಾರಿಯಲ್ಲೇ ನಡೆಯತೊಡಗಿದ.

ಆ ಹೆಸರನ್ನು ಮೊದಲ ಸಲ ಜನರ ಬಾಯಲ್ಲಿ ಕೇಳಿದಾಗ ಟೀಚರಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಳೆಯ ಹೆಸರು ಹೋಯಿತೆಂದು ತಮ್ಮ ಎದೆಯುಬ್ಬಿಸಿ ನಡೆಯುತ್ತಿದ್ದಾನೆ. ಅದೇ ಹೆಸರು ಇಂಗ್ಲಿಷಿನ ಅಂಗಿ ತೊಟ್ಟು ಅವನ ಹೆಗಲ ಮೇಲೇ ಕೂತಿದೆ. ಹೇಳಿದರೆ ಅವನು ಸಾಯುತ್ತಾನೆ ಎಂದು ಸುಮ್ಮನಾದರು. ಇನ್ನೊಂದು ತಮಾಷೆ ಬೇರೆ ನಡೆಯಿತು. ಪೋಲ್ಟ್ರೂನ್ ಗೆದ್ದದ್ದು ಹೆಸರಿನ ಬಲದಿಂದ ಎಂದು ಹೋರಿ ಸಾಕಿದವರೆಲ್ಲ ನಂಬಿದರು. ಕನ್ನಡದ ಹೆಸರಾದರೆ ಹಿಡಿಯುವವನಿಗೆ ಹೋರಿಯ ಒಳಗು ಗೊತ್ತಾಗುತ್ತದೆ, ಇಂಗ್ಲಿಷ್ ಓದಿದವರಿಗೂ ತಿಳಿಯದ ಇಂಗ್ಲಿಷಾದರೆ ಯಾರೂ ಮುಟ್ಟಲಾರರು ಎನ್ನುವುದು ಅವರ ಲೆಕ್ಕ. “ಹೆಸರು ತಿಳೀದ ದೆವ್ವಕ್ಕೆ ಮಂತ್ರ ಹಾಕೋದು ಹೆಂಗ್ರೀ ಮೇಡಂ?” ಎಂದು ತೆಂಗಿನಕಾಯಿ, ಎಲೆಯಡಿಕೆ ಹಿಡಿದುಕೊಂಡು ಶಿಕಾರಿಪುರದ ಮನೆ ಬಾಗಿಲಿಗೆ ಬಂದರು. ಟೀಚರ್ ಅವರಿಗೆಲ್ಲ ಹುಷಾರಾಗಿ, ಒಳ್ಳೆಯ ಅರ್ಥದ, ಬಾಯಿ ತುಂಬುವ ಪದಗಳನ್ನೇ ಹುಡುಕಿ ಕೊಟ್ಟರು. ಕೂಸಿಗೆ ಹೆಸರಿಡುವಂತೆ ಹೋರಿಯ ಕಿವಿಯಲ್ಲಿ ಹೇಳಿಬಂದರು.

ಆ ಹೆಸರುಗಳೆಲ್ಲ ಈಗ ಸಾಲಾಗಿ ನಿಂತಿದ್ದವು.

“ಮೊದಲನೇ ಹೋರಿ, ಜಗರ್ನಾಟ್! ಹೇಳ್ರೀ ಮೇಡಂ!” ಮಹಾಂತೇಶ್ ಮೈಕನ್ನು ಟೀಚರ ಬಾಯಿಗೆ ಹಿಡಿದ.

“ಎದುರಿಗೆ ಬಂದದ್ದನ್ನೆಲ್ಲ ತುಳಿದುಕೊಂಡು ಹೋಗುವಂಥದ್ದು” ಎಂದರು ಟೀಚರ್. “ಇದು ನಮ್ಮ ಜಗನ್ನಾಥನ ಹೆಸರೇ. ಇಂಗ್ಲಿಷಿನವರ ಬಾಯಲ್ಲಿ ಹೀಗಾಗಿದೆ.”

ಜನ ಹೋ ಎಂದರು. ಕೈಮುಗಿದವರೂ ಇದ್ದರು. ಜಗರ್ನಾಟ್ ಧೂಳೆಬ್ಬಿಸಿಕೊಂಡು ಓಡಿತು. ಟೀಚರ್ ಶಾಲಿನ ಮರೆಯಲ್ಲಿ ಮೊಬೈಲ್ ತೆಗೆದು ತಮ್ಮನಿಗೆ ಫೋನ್ ಮಾಡಿದರು. ಹೋರಿಯನ್ನು ವಾಪಸ್ ಹೊಡೆದುಕೊಂಡು ಹೋಗು, ಕಾಲು ನೋವು ಅಂತ ಹೇಳು, ಏನಾದರೂ ಹೇಳು ಎಂದು ಹೇಳಬೇಕಿತ್ತು. ಅಷ್ಟು ಜನ ಒಂದೇ ಕಡೆ ಸೇರಿದ್ದರಿಂದ ನೆಟ್‌ವರ್ಕ್ ಕೈಕೊಟ್ಟಿತ್ತು. ಮತ್ತೆ ಮಾಡಿದರು, ಮತ್ತೆ ಮಾಡಿದರು.

“ಬೆಹೆಮತ್!”

“ಬೆಟ್ಟದಂಥ ದೈತ್ಯ ಪ್ರಾಣಿ.”

ಅದೂ ಓಡಿತು. ಈ ಸಲ ಹಿಡಿಯುವವನೊಬ್ಬ ಹಾರಕ್ಕೆ ಕೈಹಾಕಿ, ಜೋಲಿ ತಪ್ಪಿ, ಹೋರಿಯ ಕಾಲಡಿಯಿಂದ ಕೂದಲೆಳೆಯಲ್ಲಿ ಪಾರಾದ. ಜನ ಅಯ್ಯೋ ಎಂದರು. ಟೀಚರ್ ಅದನ್ನು ನೋಡಲೇ ಇಲ್ಲ, ಕಮಿಟಿಯ ಅಧ್ಯಕ್ಷ ಚಂದ್ರಶೇಖರಪ್ಪನವರ ಕಡೆ ಬಗ್ಗಿದರು.

“ನನಗ್ಯಾಕೋ ತಲೆ ಸುತ್ತು ಬರ್ತಾ ಇದೆ ಸಾರ್. ನಾನು ಮನೆಗೆ ಹೊರಡ್ತೀನಿ.”

“ಅಯ್ಯೋ, ಬಿಸಿಲಿಗಿರಬೇಕು ಬಿಡ್ರೀ. ಲೇ, ಮೇಡಮ್ಮಾರಿಗೆ ಮಜ್ಜಿಗೆ ಕೊಡ್ರೋ!” ಎಂದು ಅವರು ಕೂಗಿದರು. “ನಿಮ್ಮ ತಮ್ಮನ ಹೋರಿ ನೋಡದೆ ಹೋದ್ರೆ ಹೆಂಗೆ? ಜನ ಬಂದಿರೋದೇ ಅದಕ್ಕೆ.”

“ಅದೊಂದರ ಅರ್ಥ ಹೇಳೋದು ಬೇಡ ಸಾರ್. ನನ್ನ ತಮ್ಮನದೇ ಅಲ್ವಾ, ನಾನೇ ಹೊಗಳಿದ ಹಾಗಾಗುತ್ತೆ.”

“ನಿಮ್ಮದು ಭಾಳ ಸಂಕೋಚ ಕಣ್ರೀ” ಎಂದು ಚಂದ್ರಶೇಖರಪ್ಪ ನಕ್ಕರು. ಅವರಿಗೆ ಅದು ದೊಡ್ಡತನವಾಗಿ ಕಂಡಿತು.

ಮಜ್ಜಿಗೆ ಬಂತು. ಟೀಚರ್ ಲೋಟವನ್ನು ಬಾಯಿಗಿಡದೆ ಪಕ್ಕಕ್ಕಿಟ್ಟರು. ವೇದಿಕೆಯ ಕೆಳಗೆ, ಹೊಸಬಾಳೆಯವರ ಗುಂಪಿನ ಮುಂದೆ, ಅದೇ ಗುಡ್ಡಪ್ಪ ಕೂತಿದ್ದ. ಈಗ ಹಲ್ಲು ಉದುರಿದ್ದವು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ಅವನ ಕಿವಿಗೆ ಈ ಅರ್ಥ ಬಿದ್ದರೆ! ಹುಲ್ಲಿನ ಬಣವೆಯ ಕತೆ ಮತ್ತೆ ಹೊರಗೆ ಬರುತ್ತದೆ. ಯೂಟ್ಯೂಬಿನಲ್ಲಿ ಎರಡು ತಾಲ್ಲೂಕು ಕೂತು ನಗುತ್ತದೆ. ಭೀಮಣ್ಣ ಮತ್ತೆ ಕೆರೆ ಏರಿಯ ದಾರಿ ಹಿಡಿಯುತ್ತಾನೆ, ಈ ಸಲ ಹಾಗೆ ಮಾಡಿದವಳು ಒಡಹುಟ್ಟಿದ ಅಕ್ಕ. ಟೀಚರಿಗೆ ತನ್ನ ಚಟದ ಮೇಲೇ ಅಸಹ್ಯ ಬಂತು.

ಒಂದಾದ ಮೇಲೊಂದು ಹೋರಿ ಓಡಿದವು, ಒಂದಾದ ಮೇಲೊಂದು ಅರ್ಥ ಹೇಳಿದರು. ಹಲ್ಲಬಲೂ ಅಂದರೆ ಕಿವಿ ಕಿವುಡಾಗುವ ಗದ್ದಲ. ಮೇಲ್‌ಸ್ಟ್ರಾಮ್ ಅಂದರೆ ಹಡಗನ್ನೇ ನುಂಗುವ ಸುಳಿ. ಪ್ರತಿ ಅರ್ಥಕ್ಕೂ ಚಪ್ಪಾಳೆ ಬಿತ್ತು, ಪ್ರತಿ ಚಪ್ಪಾಳೆಗೂ ಸಾಲು ಚಿಕ್ಕದಾಯಿತು.

“ಈಗ ಬರ್ತಾ ಐತೆ ನೋಡ್ರಪ್ಪೋ! ಇವತ್ತಿನವರೆಗೂ ಒಬ್ಬರ ಕೈಗೂ ಸಿಗದ ಸರದಾರ! ಸೊರಬ ತಾಲ್ಲೂಕು ಹೊಸಬಾಳೆಯ ಪೋಲ್ಟ್ರೂನ್!”

ಬಯಲೇ ಎದ್ದು ನಿಂತಿತು. ಪೋಲ್ಟ್ರೂನ್, ಪೋಲ್ಟ್ರೂನ್ ಎಂದು ಹುಡುಗರು ಕುಣಿದರು. ಮಹಾಂತೇಶ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಮೈಕನ್ನು ಟೀಚರ ಕೈಗೇ ಕೊಟ್ಟ. ಬೇಲಿಯ ಹತ್ತಿರ ಭೀಮಣ್ಣ ಹೋರಿಯ ಕೊರಳ ಮೇಲೆ ಕೈಯಿಟ್ಟು ತಲೆಯೆತ್ತಿ ನೇರವಾಗಿ ಅಕ್ಕನನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸಲಿಲ್ಲ. ಆ ನೋಟ ‘ಅಕ್ಕಾ, ಕೈಬಿಡಬೇಡ’ ಎಂದು ಬೇಡುತ್ತಿದೆ ಎಂದು ಟೀಚರಿಗೆ ಅನಿಸಿತು.

“ಪೋಲ್ಟ್ರೂನ್ ಅಂದರೆ...” ಧ್ವನಿ ಮೈಕಿನಲ್ಲಿ ಒಡೆದು ಬಯಲಿನ ತುಂಬ ಹರಡಿತು. “ಪೋಲ್ಟ್ರೂನ್ ಅಂದರೆ ಗಂಡೆದೆಯವನು. ಯಾರಿಗೂ ಬಗ್ಗದ ವೀರ.”

ಚಪ್ಪಾಳೆ, ಶಿಳ್ಳೆ, ತಮಟೆ ಒಟ್ಟಿಗೆ ಎದ್ದವು. ಗುಡ್ಡಪ್ಪ ಟವೆಲ್ ಬೀಸಿದ. ಟೀಚರ್ ಮೈಕ್ ವಾಪಸ್ ಕೊಟ್ಟು ಕುರ್ಚಿಗೆ ಕುಸಿದರು. ಮೇಷ್ಟ್ರ ಕೆಲಸ ಹಿಡಿದ ದಿನದಿಂದ ಆಡದ ಸುಳ್ಳನ್ನು ಆಡಿಯಾಗಿತ್ತು. ಹೋರಿಯನ್ನು ಬಿಟ್ಟರು. ಅದು ಕಿವಿ ಹಿಂದಕ್ಕೆ ಮಡಚಿ, ಕಣ್ಣಿನ ಬಿಳುಪು ಕಾಣಿಸುವಂತೆ ಹೆದರಿ, ಕೂಗಿದವರಿಂದ ದೂರ, ಬೀಸಿದ ಟವೆಲಿನಿಂದ ದೂರ, ಚಾಚಿದ ಒಂದೊಂದು ಕೈಯಿಂದಲೂ ದೂರ ಪ್ರಾಣ ಕೈಯಲ್ಲಿ ಹಿಡಿದು ಓಡಿತು. ಕೊಬ್ಬರಿ ಹಾರದ ಒಂದು ಗಿಟುಕೂ ಕಳಚಲಿಲ್ಲ. ಮೊದಲ ಬಹುಮಾನ ಯಾರಿಗೆಂದು ಯಾರೂ ಕೇಳುವ ಅಗತ್ಯವೇ ಉಳಿಯಲಿಲ್ಲ.

ಬಹುಮಾನ ಹಂಚುವುದಕ್ಕೆ ಮುಂಚೆ ಟೀಚರ್ ವೇದಿಕೆಯ ಹಿಂದೆ ಬಂದು ನಿಂತಿದ್ದರು. ತಮ್ಮ ಬಚಾವಾದ ಎಂದು ಸಮಾಧಾನವಿತ್ತು, ಬಾಯೆಲ್ಲ ಕಹಿಯೂ ಆಗಿತ್ತು. ಹೋರಿಯನ್ನು ನೆರಳಿಗೆ ಕಟ್ಟಿ ಭೀಮಣ್ಣ ಅಲ್ಲಿಗೇ ಬಂದ. ಕು‌ಣಿದಾಡಬೇಕಿದ್ದವನ ಮುಖ ಬಾಡಿತ್ತು.

“ಎಂತಕ್ಕೆ ಹಂಗೆ ಹೇಳ್ದೆ ಅಕ್ಕಾ?” ಎಂದ.

“ಹಂಗೆ ಅಂದ್ರೆ?”

“ಗಂಡೆದೆ, ವೀರ ಅಂತೆಲ್ಲ. ಅದರ ಅರ್ಥ ಪುಕ್ಕಲ ಅಂತ ಅಲ್ದಾ?”

ಆ ಮಾತು ತಮ್ಮನ ಬಾಯಿಂದ ಬಂದದ್ದನ್ನು ಟೀಚರ್ ಎಂದೂ ಕೇಳಿರಲಿಲ್ಲ.

“ನಿಂಗೆ... ಯಾರು ಹೇಳಿದ್ರು?”

“ನಾಗಶ್ರೀ. ಮೊದಲ್ನೇ ಹಬ್ಬ ಗೆದ್ದ ವರ್ಷವೇ ಮೊಬೈಲಲ್ಲಿ ನೋಡಿ ಹೇಳಿದ್ಲು” ಎಂದ ಭೀಮಣ್ಣ. ನಾಗಶ್ರೀ ಕಾಲೇಜು ಓದುವ ಅವನ ಮಗಳು. “ಹೆಸರು ಬದಲ್ಸು ಅಪ್ಪಾ ಅಂತ ಅತ್ತಿದ್ಲು. ನಂಗೂ ಅವತ್ತು ಅನ್ನ ಇಳೀಲಿಲ್ಲ. ನಿನ್ನ ಮೇಲೆ ಸಿಟ್ಟೂ ಬಂದಿತ್ತು. ಬದಲ್ಸೋಣ ಅಂತಾನೇ ಮುಂದಿನ ಹಬ್ಬಕ್ಕೆ ಹೋದೆ. ಹೋದ್ರೆ ಎಂತ ನೋಡೋದು, ಗುಡ್ಡಪ್ಪಣ್ಣ ಮುಂದೆ ನಿಂತು ಟವೆಲ್ ಬೀಸಿ ಪೋಲ್ಟ್ರೂನ್, ಪೋಲ್ಟ್ರೂನ್ ಅಂತ ಗಂಟಲು ಹರ್ಕೊಳ್ತಿದಾನೆ. ನಂಗೆ ಪುಕ್ಕಲ ಅಂದ ಬಾಯಿ ಅಕ್ಕಾ ಅದು! ಈಗ್ಲೂ ಪುಕ್ಕಲ ಅಂತಾನೇ ಕೂಗ್ತಿತ್ತು, ಆದ್ರೆ ಜೈಕಾರ ಹಾಕಿ. ಅವತ್ತು ನನ್ನ ಹೊಟ್ಟೆ ತಣ್ಣಗಾಯ್ತು ನೋಡು.”

ಅವನಿಗೆ ನೆನಪಾಗಿಯೇ ನಗು ಬಂತು. ಟೀಚರ್ ನಗಲಿಲ್ಲ.

“ಆ ಹೋರಿ ಹೆದರಿಕೊಂಡೇ ಓಡೋದು ಅಂತ ನಂಗೂ ಗೊತ್ತು. ಹೆದರಿ ಓಡಿದ್ದಕ್ಕೇ ಇಷ್ಟು ಜನ ಚಪ್ಪಾಳೆ ತಟ್ತಾರೆ ಅಂದ್ಮೇಲೆ, ಬಣವೆಯೊಳಗೆ ಹೊಕ್ಕಿದ್ದಕ್ಕೆ ನಾನು ಎಂತಕ್ಕೆ ತಲೆ ತಗ್ಗಿಸ್ಕೊಂಡು ಓಡಾಡ್ಲಿ? ಇವತ್ತು ಎಲ್ಲರಿಗೂ ಗೊತ್ತಾಗ್ಲಿ ಅಂತಿದ್ದೆ. ಈ ಅರ್ಥ ಹೇಳ್ಸೋ ಐಟಂ ಮಾಡ್ಲಾ ಅಂತ ಮಹಾಂತೇಶ ಮೊದ್ಲು ಕೇಳಿದ್ದು ನನ್ನನ್ನೇ. ಮಾಡು, ಅಕ್ಕನಿಗೆ ಮಾತ್ರ ಹೇಳ್ಬೇಡ ಅಂದೆ. ನಾನು ಹೇಳಿದ್ರೆ ಭೀಮನಿಗೆ ತಲೆ ಕೆಟ್ಟಿದೆ ಅಂತಿದ್ರು. ನೀನು ಹೇಳಿದ್ರೆ ನಂಬ್ತಾರೆ. ನೀನು ಯಾರ ಮುಲಾಜಿಗೂ ಅರ್ಥ ತಪ್ಪು ಹೇಳಿದವಳಲ್ಲ.” ಆಮೇಲೆ ಮೆಲ್ಲಗೆ ಅಂದ. “ಅಲ್ಲಿ ನಿಂತು ನಿನ್ನ ಮುಖಾನೇ ನೋಡ್ತಾ ಇದ್ದೆ. ಹೇಳು, ಹೇಳು ಅಂತ. ನೀನೇ ಹೆದರಿಬಿಟ್ಯಲ್ಲೇ ಅಕ್ಕಾ.”

ಇಷ್ಟು ದಿನ ಟೀಚರ್ ತಮ್ಮನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ಅವನು ಎಲ್ಲರೆದುರು ಬಣವೆಯಿಂದ ಈಚೆ ಬರಲು ನಿಂತಿದ್ದಾಗ ತಾವೇ ಅವನ ಮೇಲೆ ಮತ್ತಷ್ಟು ಹುಲ್ಲು ಹಾಕಿದ್ದರು. ಅವನನ್ನು ಪುಕ್ಕಲ ಎಂದು ಊರೆಲ್ಲ ನಂಬಿದ್ದು ದೊಡ್ಡದಲ್ಲ, ಒಳಗೊಳಗೆ ತಾವೂ ನಂಬಿದ್ದರು. ಅದು ಗೊತ್ತಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಮೈಕ್ ಕೂಗಿತು. “ಮೊದಲನೇ ಬಹುಮಾನ! ಪೋಲ್ಟ್ರೂನ್ ಭೀಮಣ್ಣ ವೇದಿಕೆ ಮೇಲೆ ಬರಬೇಕು! ಬಹುಮಾನ ಅವರ ಅಕ್ಕನೋರೇ ಕೊಡಬೇಕು!”

“ಬಾ” ಎಂದರು ಟೀಚರ್. ತಾವೇ ಮುಂದಾಗಿ ಮೆಟ್ಟಿಲು ಹತ್ತಿದರು. ಬಹುಮಾನದ ಬೈಕಿನ ಕೀಲಿ ಇಟ್ಟಿದ್ದ ತಟ್ಟೆಯನ್ನು ಚಂದ್ರಶೇಖರಪ್ಪ ಮುಂದೆ ಹಿಡಿದರು. ಟೀಚರ್ ಅದನ್ನು ಮುಟ್ಟದೆ ಮಹಾಂತೇಶನ ಕೈಯಿಂದ ಮೈಕ್ ತೆಗೆದುಕೊಂಡರು.

“ನಾನು ಆಗ ಒಂದು ತಪ್ಪು ಹೇಳಿದೆ. ಅದನ್ನು ತಿದ್ದಬೇಕು.” ಗಲಾಟೆ ನಿಲ್ಲಲಿ ಎಂದು ಕಾದರು. “ಪೋಲ್ಟ್ರೂನ್ ಅಂದರೆ ವೀರ ಅಲ್ಲ. ಪೋಲ್ಟ್ರೂನ್ ಅಂದರೆ ಪುಕ್ಕಲ. ಈ ಹೋರಿ ಕರುವಾಗಿದ್ದಾಗ ಪಟಾಕಿಗೆ ಹೆದರಿ ಅಡುಗೆಮನೆ ಹೊಕ್ಕಿತ್ತು, ಅದಕ್ಕೆ ನಾನೇ ಹಾಗೆ ಕರೆದೆ. ಇವತ್ತೂ ಅದು ಹೆದರಿಕೊಂಡೇ ಓಡಿತು. ನನ್ನ ತಮ್ಮನಿಗೆ ಇದು ಮೊದಲೇ ಗೊತ್ತಿತ್ತು. ಹೇಳೋಕೆ ಹೆದರಿದವಳು ನಾನು.”

ತಮಟೆಯವನ ಕೈ ತಮಟೆಯ ಮೇಲೇ ನಿಂತಿತು. ಮಹಾಂತೇಶ್ ಬಾಯಿ ತೆರೆದವನು ಮುಚ್ಚಲು ಮರೆತ. ಆಮೇಲೆ ಎಲ್ಲಿಂದಲೋ ಒಂದು ನಗು ಬಂತು, ಅದರ ಹಿಂದೆ ಇನ್ನೊಂದು ಬಂತು. ಕೆಲವು ಹುಡುಗರಿಗೆ ಸಿಟ್ಟೇ ಬಂದು “ಇದೇನ್ರೀ ಮೇಡಂ, ನಮ್ಮನ್ನ ಮಂಗ ಮಾಡಿದ್ರಿ!” ಎಂದು ಕೂಗಿದರು. ವೇದಿಕೆಯ ಕೆಳಗೆ ಗುಡ್ಡಪ್ಪ ಅಕ್ಕಪಕ್ಕದವರ ಮುಖ ನೋಡುತ್ತಿದ್ದ.

“ಹಂಗಾರೆ ಇಷ್ಟು ವರ್ಷ ನಾವು ಕೂಗಿದ್ದು ಎಂತದಾ?” ಎಂದ.

“ನೀನೇ ಇಟ್ಟ ಹೆಸರಲ್ಲನಾ ಗುಡ್ಡಪ್ಪಣ್ಣಾ!” ಎಂದು ಭೀಮಣ್ಣ ಮೇಲಿನಿಂದ ಕೂಗಿ ಹೇಳಿದ. ಮೈಕ್ ಬೇಕಾಗಲಿಲ್ಲ, ಧ್ವನಿ ಅಷ್ಟು ಗಟ್ಟಿಯಾಗಿತ್ತು.

ಚಂದ್ರಶೇಖರಪ್ಪ ಮುಖ ಹುಳ್ಳಗೆ ಮಾಡಿಕೊಂಡು, ಇಂಥ ಹೆಸರಿಗೆ ಬಹುಮಾನ ಕೊಡುವುದು ಕಮಿಟಿಗೆ ಶೋಭೆಯೇ ಎಂದು ಗೊಣಗಿದರು. “ಬಹುಮಾನ ಹೆಸರಿಗಾ, ಓಟಕ್ಕಾ?” ಎಂದು ಭೀಮಣ್ಣ ಕೇಳಿದ. ಅವರು ಮತ್ತೆ ತಟ್ಟೆ ಮುಂದೆ ಮಾಡಿದರು.

ಹೋರಿಯನ್ನು ಟೆಂಪೊಗೆ ಹತ್ತಿಸಿ ಹೊರಟರು. ಅಕ್ಕ ಅವತ್ತು ಹೊಸಬಾಳೆಗೇ ಬರಬೇಕು ಎಂದು ಭೀಮಣ್ಣ ಹಟ ಮಾಡಿದ್ದರಿಂದ ಟೀಚರೂ ಮುಂದಿನ ಸೀಟಿನಲ್ಲಿ ಕೂತರು. ಸುದ್ದಿ ಮೊಬೈಲಿನಲ್ಲಿ ಅವರಿಗಿಂತ ಮುಂದೆ ಹೋಗಿತ್ತು. ಊರ ಬಾಗಿಲಿನ ಚಾ ಅಂಗಡಿಯಲ್ಲಿ ಜನ ಆಗಲೇ ಗುಂಪುಗಟ್ಟಿದ್ದರು. ಟೆಂಪೊ ಹತ್ತಿರ ಬಂದದ್ದೇ ತಡ ಒಂದು ಕೂಗು ಬಂತು.

“ಹೋಯ್! ಪುಕ್ಕಲ ಭೀಮಾ!”

ಹಿಂದೆಯೇ ನಗೆಯೂ ಬಂತು. ಟೀಚರ ಕೈ ತಾನಾಗಿ ತಮ್ಮನ ತೋಳು ಹಿಡಿಯಿತು. ಆ ಕೂಗಿಗೆ ಅವನು ಹೇಗೆ ಮುದುಡಿ ಹೋಗುತ್ತಿದ್ದ ಎಂದು ಅವರು ಎಷ್ಟೋ ಸಲ ಕಣ್ಣಾರೆ ಕಂಡಿದ್ದರು. “ಬೇಗ ಹೊಡಿಯಪ್ಪಾ” ಎಂದು ಡ್ರೈವರನಿಗೆ ಹೇಳಲು ಬಾಯಿ ತೆರೆದರು.

“ನಿಲ್ಸು” ಎಂದ ಭೀಮಣ್ಣ.

ಅಕ್ಕನ ಕೈಯನ್ನು ಮೆಲ್ಲಗೆ ಬಿಡಿಸಿ ಕೆಳಗಿಳಿದ. ನೇರ ಅಂಗಡಿಗೆ ನಡೆದು, ಕೂಗಿದವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, “ಎಂತದಾ, ಕರೆದ್ಯಲ್ಲ?” ಎಂದು ಕೇಳಿದ. ಕೂಗಿದವನು ಸರಿದು ಜಾಗ ಮಾಡಿಕೊಟ್ಟ. ಭೀಮಣ್ಣ ತನಗೂ ಅವನಿಗೂ ಎರಡು ಚಾ ಹೇಳಿದ. ಟೀಚರಿಗೆ ಅಳು ಉಕ್ಕಿ ಬಂತು, ಅವರು ಕಣ್ಣೊರೆಸಿಕೊಳ್ಳಲೂ ಇಲ್ಲ. ಆಮೇಲೆ ತಾವೂ ಟೆಂಪೊದಿಂದ ಇಳಿದು ಸೀರೆ ಸರಿಮಾಡಿಕೊಂಡು, ಗಂಡಸರೇ ತುಂಬಿದ್ದ ಆ ಅಂಗಡಿಯೊಳಗೆ ಹೋಗಿ, ತಮ್ಮನ ಮಗ್ಗುಲಲ್ಲಿ ಕೂತು, “ನಂಗೂ ಒಂದು ಹೇಳು” ಎಂದರು.